ಹ್ಯಾಂಡಲಿನ ಕೆಳಗಿನ ಸ್ಟಿಕ್ಕರ್

ಸೊಸೆಯ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅತ್ತೆ ಕಂಡಕಂಡವರ ಮುಂದೆ ಹೇಳಿಕೊಂಡು ಬಂದಿದ್ದರೂ, ಕಲೆಯಕ್ಕ ಆ ಸ್ಟಿಕ್ಕರುಗಳನ್ನು ಏಳು ವಾರ ಸಹಿಸಿಕೊಂಡಿದ್ದಳು. ಏಳು ವಾರವೆಂದರೆ ಸಣ್ಣ ಮಾತಲ್ಲ. ಅವಳ ಜಾಗದಲ್ಲಿ ಅತ್ತೆಯೇ ಇದ್ದಿದ್ದರೆ ಏಳು ನಿಮಿಷದಲ್ಲಿ ಬೀದಿಗೆಲ್ಲ ಕೇಳಿಸಿರುತ್ತಿತ್ತು.

ಕಲೆಯಕ್ಕ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಪೇಟೆಯ ಡ್ರೈಕ್ಲೀನಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಹತ್ತೊಂಬತ್ತು ವರ್ಷದಿಂದ ಬಟ್ಟೆಯ ಕಲೆ ತೆಗೆಯುತ್ತಿದ್ದವಳಿಗೆ ಜೊತೆಯ ಕೆಲಸದವರು ಕಟ್ಟಿದ ಹೆಸರು ಅದು. ಶಾಯಿ, ರಕ್ತ, ಗ್ರೀಸು, ಮೇಣ, ತುಕ್ಕು, ಏನೇ ಬರಲಿ, ಮೊದಲು ಮೂಸಿ, ಬೆರಳಿನಲ್ಲಿ ಸವರಿ, ಬೆಳಕಿಗೆ ಹಿಡಿದು, ಆಮೇಲಷ್ಟೇ ಬಾಟಲಿಗೆ ಕೈ ಹಾಕುವುದು ಅವಳ ಕ್ರಮ. ಯಾವ ವಕೀಲರ ತೋಳಿಗೆ ದಿನಾ ಟೀ ತಾಗುತ್ತದೆ, ಯಾವ ಸಾಹೇಬರ ಕಾಲರಿಗೆ ಮನೆಯವರದಲ್ಲದ ಲಿಪ್‌ಸ್ಟಿಕ್ ಹತ್ತುತ್ತದೆ ಎಂಬುದೆಲ್ಲ ಅವಳಿಗೆ ಗೊತ್ತಿತ್ತು. ಒಂದು ದಿನವೂ ಬಾಯಿ ಬಿಟ್ಟವಳಲ್ಲ. ಮುಂದಿನ ಕೌಂಟರಿನಲ್ಲಿ ಕುಳಿತ ಮಾಲೀಕ ಗಿರಾಕಿಗಳ ಹೊಗಳಿಕೆ ತೆಗೆದುಕೊಳ್ಳುತ್ತಿದ್ದ. ಚರ್ಮ ಸುಲಿಯುತ್ತಿದ್ದುದು ಇವಳ ಕೈಯದು.

ಸೈಕಲ್ಲು ಮಗಳದು. ಅವಳು ನರ್ಸಿಂಗ್ ಶಾಲೆಗೆ ಸೇರಿದಾಗ ಕಲೆಯಕ್ಕನೇ ಕೊಡಿಸಿದ್ದ ನೀಲಿ ಬಣ್ಣದ ಲೇಡೀಸ್ ಸೈಕಲ್ಲು. ಸೆಕೆಂಡ್ ಹ್ಯಾಂಡ್ ಆದರೂ ಗಟ್ಟಿಮುಟ್ಟಾಗಿತ್ತು. ಬೆಳಿಗ್ಗೆ ಆರೂವರೆಗೆ ಮಗಳು ಬಿಳಿ ಯೂನಿಫಾರ್ಮ್ ತೊಟ್ಟು ಹೊರಟಳೆಂದರೆ, ಬೀದಿಯ ಕೊನೆಯಲ್ಲಿ ಶುರುವಾಗುವ ಸೇತುವೆಯ ಏರನ್ನು ಉಸಿರು ಬಿಗಿಹಿಡಿದು ಹತ್ತಿ, ಹೊಳೆ ದಾಟಿ, ಆಚೆಯ ಇಳಿಜಾರನ್ನು ಸರ್ರನೆ ಇಳಿದು ಆಸ್ಪತ್ರೆ ಮುಟ್ಟುತ್ತಿದ್ದಳು. ಸಂಜೆ ಅದೇ ಸೇತುವೆ ಹತ್ತಿ ಈಚೆ ಇಳಿದು ಮನೆಗೆ ಬರುತ್ತಿದ್ದಳು.

ಇನ್ನು ಮೈದುನ. ಅವನು ಎರಡು ಕೈಯಲ್ಲಿ ಆರು ಕೆಲಸ ಹಿಡಿದು ಒಂದನ್ನೂ ಮುಗಿಸದ ಆಸಾಮಿ. ಕೋಳಿ ಸಾಕಿದ್ದ, ಬಿಟ್ಟ. ಫೋಟೋ ಸ್ಟುಡಿಯೋ ಇಟ್ಟಿದ್ದ, ಮುಚ್ಚಿದ. ಈ ಸಲ ಹಿಡಿದದ್ದು ಡ್ರೈವಿಂಗ್ ಸ್ಕೂಲು: ಒಂದು ಹಳೇ ಕಾರು, ಒಂದು ಬೋರ್ಡು, ಒಂದು ಕಟ್ಟು ಸ್ಟಿಕ್ಕರು. ಮಗಳಿಗೆ ಹತ್ತು ದಿನ ರಜೆ ಬಂದಾಗ ಬಾಗಿಲಲ್ಲಿ ನಿಂತು ಹಲ್ಲು ಬಿಟ್ಟ. "ಅತ್ತಿಗೆ, ಸೈಕಲ್ ಹೇಗೂ ಸುಮ್ನೆ ನಿಂತಿದೆ. ಹತ್ತು ದಿನ ಕೊಡಿ, ಬೀದಿಬೀದಿ ಸುತ್ತಿ ಪ್ರಚಾರ ಮಾಡ್ಕೊಂಡು ಬರ್ತೀನಿ." ಕಾರು ಕಲಿಸುವವನು ಸೈಕಲ್ಲಿನಲ್ಲಿ ಪ್ರಚಾರಕ್ಕೆ ಹೊರಟಾಗಲೇ ಅವಳಿಗೆ ನಗು ಬಂದಿತ್ತು, ಆ ನಗುವಿನ ಭರದಲ್ಲೇ ಹೂಂ ಅಂದುಬಿಟ್ಟಿದ್ದಳು.

ಹತ್ತು ದಿನದ ಮೇಲೆ ಸೈಕಲ್ಲು ಮೈತುಂಬ ಸ್ಟಿಕ್ಕರು ಹೊತ್ತು ಮನೆಗೆ ಬಂತು. ಐದು. ಹಳದಿ ಬಣ್ಣ, ನಡುವೆ ಕಣ್ಣು ಬಾಯಿ ಬರೆದ ಸ್ಟೀರಿಂಗು, ಅದರ ಕೆಳಗೆ ದಪ್ಪ ಅಕ್ಷರದಲ್ಲಿ "ನಿಮ್ಮ ಸುರಕ್ಷತೆ, ನಮ್ಮ ಹೊಣೆ." ಕಲೆಯಕ್ಕ ಆಗಲೇ ಕೇಳಿದ್ದಳು, ಇದನ್ನು ಕಿತ್ತು ಕೊಡಬಾರದಿತ್ತೇ ಎಂದು. "ಓಡಾಡೋ ಜಾಹೀರಾತು ಅತ್ತಿಗೆ! ಚಿಕ್ಕಪ್ಪನಿಗೋಸ್ಕರ ಅವಳು ಇಷ್ಟೂ ಮಾಡಬಾರದಾ?" ಎಂದು ಅವನು ನಕ್ಕ. ತಮ್ಮನ ಯಾವ ಉದ್ಯೋಗವನ್ನೂ ಒಪ್ಪದ ಗಂಡ ಕೂಡ ಆವತ್ತು, "ಇರ್ಲಿ ಬಿಡು, ಪಾಪ" ಅಂದಿದ್ದ. ಗಂಡ ಪಾಪ ಅಂದಮೇಲೆ ಅವಳು ಸುಮ್ಮನಾದಳು.

ಆಮೇಲೆ ಬಿಸಿಲು ಬಂತು. ಸ್ಟಿಕ್ಕರಿನ ಅಂಚಿನಿಂದ ಅಂಟು ಇಳಿಯಿತು. ಅಂಟಿಗೆ ಬೀದಿಯ ಧೂಳು ಕೂತು ಕರಿ ಮುದ್ದೆಯಾಯಿತು. ಆ ಮುದ್ದೆ ಮಗಳ ಬಿಳಿ ಬಟ್ಟೆಯ ಮೊಣಕಾಲಿಗೆ, ಪಕ್ಕೆಗೆ, ಅಂಚಿಗೆ ದಿನಾ ಹತ್ತಿತು. ಹಗಲೆಲ್ಲ ಊರಿನ ಕಲೆ ತೆಗೆದು ಬಂದವಳು ಸಂಜೆ ಮನೆಯಲ್ಲಿ ಮೈದುನನ ಕಲೆ ತೆಗೆಯಲು ಕೂರುತ್ತಿದ್ದಳು. ಒಂದು ದಿನ ತೆಗೆದಳು, ಹತ್ತು ದಿನ ತೆಗೆದಳು. ನಿನ್ನೆ ಕಲಿಸುವ ಮೇಡಂ ಹದಿನೆಂಟು ಹುಡುಗಿಯರ ಮುಂದೆ ಮಗಳನ್ನು ವಾರ್ಡಿನಿಂದ ಹೊರಗೆ ಕಳಿಸಿದ್ದರು. "ರೋಗಿ ಹತ್ರ ಹೋಗೋ ಬಟ್ಟೆನಾ ಇದು? ನಿಮ್ಮಮ್ಮ ಏನ್ಮಾಡ್ತಾರೆ?" ಅಂದರಂತೆ. ಮಗಳು ಉತ್ತರ ಕೊಡದೆ ನಿಂತಿದ್ದಳಂತೆ. ಏನೆಂದು ಕೊಟ್ಟಾಳು?

ಇವತ್ತು ಕಲೆಯಕ್ಕನಿಗೆ ವಾರದ ರಜೆ, ಮಗಳಿಗೂ ರಜೆ. ಗಂಡ ಬೀದಿ ತುದಿಯ ತನ್ನ ವೆಲ್ಡಿಂಗ್ ಅಂಗಡಿಗೆ ಹೋದದ್ದೇ ತಡ, ಅವಳು ಸೈಕಲ್ಲನ್ನು ಅಂಗಳಕ್ಕೆ ಎಳೆದು ಸ್ಟ್ಯಾಂಡು ಹಾಕಿದಳು. ಹಳೇ ದುಪ್ಪಟಿಯ ಚಿಂದಿ, ಅಡುಗೆ ಎಣ್ಣೆಯ ಬಟ್ಟಲು, ಸ್ಪಿರಿಟ್ ಬಾಟಲಿ, ಕೂದಲು ಒಣಗಿಸುವ ಮೆಷಿನ್ನು, ಅಂಗಡಿಯಿಂದ ತಂದಿದ್ದ ಅಗಲ ತುದಿಯ ಮೂಳೆಯ ಚಮಚ, ಎಲ್ಲ ಸಾಲಾಗಿ ಹರಡಿ ಸೆರಗು ಸಿಕ್ಕಿಸಿ ಕುಳಿತಳು.

ಜಗಲಿಯಲ್ಲಿದ್ದ ಅತ್ತೆ ಕತ್ತು ಉದ್ದ ಮಾಡಿದರು. "ಏನೇ ಅದು, ಬೆಳಿಗ್ಗೆ ಬೆಳಿಗ್ಗೆ?"

"ನಿಮ್ಮ ಮಗನ ಜಾಹೀರಾತು ಇಳಿಸ್ತಿದೀನಿ ಅತ್ತೆ."

"ಬಿಡೇ, ಪಾಪ. ನೋಡಿದ್ರೆ ನೊಂದ್ಕೋತಾನೆ."

"ನೊಂದ್ಕೊಳ್ಲಿ. ಈ ಮನೇಲಿ ಎಲ್ಲರೂ ಅವನಿಗೆ ಪಾಪ ಪಾಪ ಅಂದೇ ಅವನು ಹೀಗಾಗಿದ್ದು."

ಅಂಟು ಬಲಕ್ಕೆ ಬಗ್ಗುವ ವಸ್ತುವಲ್ಲ, ತಾಳ್ಮೆಗೆ ಬಗ್ಗುತ್ತದೆ. ಬ್ಲೇಡು ಹಿಡಿದು ಕೆರೆಯುವವರನ್ನು ಕಂಡರೆ ಕಲೆಯಕ್ಕನಿಗೆ ಆಗುತ್ತಿರಲಿಲ್ಲ. ಸ್ಟಿಕ್ಕರಿನ ಜೊತೆ ಬಣ್ಣವನ್ನೂ ಕಿತ್ತು, ಆಮೇಲೆ ಸ್ಟಿಕ್ಕರನ್ನು ಬೈಯುವ ಜಾತಿ ಅದು. ಅವಳು ಚೈನ್ ಕವರಿನ ಸ್ಟಿಕ್ಕರಿಗೆ ಬಿಸಿಗಾಳಿ ಹಿಡಿದಳು. ಅಂಗೈಗೆ ತಡೆಯುವಷ್ಟೇ ಬಿಸಿ, ಅದಕ್ಕಿಂತ ಹೆಚ್ಚಿಲ್ಲ. ಒಂದು ಮೂಲೆಯನ್ನು ಮೂಳೆಯ ಚಮಚದಿಂದ ಎಬ್ಬಿಸಿ, ಮೇಲಕ್ಕೆ ಎಳೆಯದೆ ಹಿಂದಕ್ಕೆ ಮಡಚಿ, ಮಲಗಿಸಿದಂತೆಯೇ ಮೆಲ್ಲಗೆ ಎಳೆದಳು. ಸ್ಟೀರಿಂಗಿನ ನಗುಮುಖ ಅರ್ಧಕ್ಕೆ ಹರಿಯಿತು. ಅವಳಿಗೆ ಸಣ್ಣಗೆ ಸಮಾಧಾನವಾಯಿತು. ಉಳಿದ ಅಂಟಿಗೆ ಎಣ್ಣೆ ಸವರಿ ಬಿಟ್ಟು, ಅದು ನೆನೆಯುವವರೆಗೆ ಎರಡನೆಯದಕ್ಕೆ ಕೈ ಹಾಕಿದಳು. ಎಣ್ಣೆ ಕುಡಿದ ಅಂಟು ಬೆರಳಿನಡಿ ಉಂಡೆಯುಂಡೆಯಾಗಿ ಎದ್ದು ಬಂತು. ಕೊನೆಗೆ ಚಿಂದಿಗೆ ಎರಡು ಹನಿ ಸ್ಪಿರಿಟ್ ಹಾಕಿ ಎಣ್ಣೆಯ ಜಿಡ್ಡು ಒರೆಸಿದಳು. ಕಂಪನಿಯ ಹಳೆಯ ನೀಲಿ ಬಣ್ಣ ಹೊಳೆಯಿತು. ಚಿಂದಿ ಬೆಳ್ಳಗೇ ಉಳಿಯಿತು.

ಹೀಗೆ ನಾಲ್ಕು ಮುಗಿದವು. ಕೈ ಹಾಕಿದ್ದಾಗಿದೆ ಎಂದು, ಸೀಟಿನ ಕೆಳಗೆ ಬಣ್ಣ ಮಾಸಿ ಅಕ್ಷರ ಅಳಿಸಿದ್ದ ಕಂಪನಿಯ ಹಳೇ ಸ್ಟಿಕ್ಕರನ್ನೂ ಕಿತ್ತಳು. ಅದಕ್ಕೆ ವಯಸ್ಸಾಗಿತ್ತು, ಚೂರುಚೂರಾಗಿ ಉದುರಿ ಅರ್ಧ ಗಂಟೆ ತಿಂದಿತು. ಆದರೂ ಕೆಲಸ ನಡೆಯುತ್ತಿದ್ದಂತೆ ಸಿಟ್ಟು ಇಳಿಯತೊಡಗಿತ್ತು. ಮೈದುನ ಬಂದರೆ ನಾಲ್ಕು ಮಾತು ಬೈದು ಊಟಕ್ಕೆ ಬಡಿಸಿಬಿಡುವುದು ಎಂದುಕೊಂಡಳು.

ಐದನೆಯದು ಹ್ಯಾಂಡಲಿನ ಕೆಳಗೆ, ಕೆಳಗಿನಿಂದ ಬಂದ ಉದ್ದ ಪೈಪು ಮುಂದಿನ ಗಿಡ್ಡ ಪೈಪಿಗೆ ಸೇರುವ ಸಂದಿಯಲ್ಲಿತ್ತು. ಅದರ ಮುಂದೆ ಕುಕ್ಕರಗಾಲಲ್ಲಿ ಕೂತ ಕಲೆಯಕ್ಕನ ಕೈ ತಡೆಯಿತು. ಅಲ್ಲಿ ಯಾರಾದರೂ ಸ್ಟಿಕ್ಕರು ಹಾಕುತ್ತಾರೆಯೇ? ಪೈಪಿನ ಸುತ್ತ ಸುತ್ತಿಕೊಂಡು "ನಿಮ್ಮ ಸುರ" ಅಷ್ಟೇ ಕಾಣುತ್ತಿತ್ತು. ಉಳಿದದ್ದು ಹಿಂಬದಿಗೆ ಹೋಗಿತ್ತು. ಓದಲಾಗದ ಜಾಹೀರಾತನ್ನು ಹಾಕಲು ಮೈದುನ ಎಷ್ಟೇ ದಡ್ಡನಾದರೂ ಅಷ್ಟು ದಡ್ಡನಲ್ಲ. ಇರಬಾರದ ಜಾಗದಲ್ಲಿರುವ ಕಲೆಯನ್ನು ಎರಡು ಸಲ ನೋಡಬೇಕು ಎಂದು ಹೊಸಬರಿಗೆ ಹೇಳಿಕೊಡುತ್ತಿದ್ದವಳು ಅವಳೇ.

ಬಿಸಿಗಾಳಿ ಹಿಡಿದು ಎಳೆದಳು. ಸ್ಟಿಕ್ಕರು ಬಂತು. ಎಣ್ಣೆ ಸವರಿ ಅಂಟು ತೆಗೆದಳು. ಸ್ಪಿರಿಟ್ ಚಿಂದಿಯಿಂದ ಒರೆಸಿದಳು. ಈ ಸಲ ಚಿಂದಿಗೆ ನೀಲಿ ಬಣ್ಣ ಹತ್ತಿತು.

ಮತ್ತೆ ಒರೆಸಿದಳು. ಮತ್ತೆ ನೀಲಿ. ಕಂಪನಿಯ ಬಣ್ಣ ಬಿಡದಿದ್ದದ್ದು ಇಲ್ಲಿ ಮಾತ್ರ ಯಾಕೆ ಬಿಡುತ್ತದೆ? ಯಾರೋ ಬ್ರಷ್ಷಿನಲ್ಲಿ ಬಳಿದಿದ್ದಾರೆ. ಅವಳು ಉಗುರಿನಿಂದ ಕೆರೆದಳು. ಬಣ್ಣದಡಿಯಿಂದ ಬಿಳಿ ಪುಟ್ಟಿ ಹೆಕ್ಕಳಿಕೆಯಂತೆ ಕಳಚಿತು. ಪುಟ್ಟಿಯಡಿಯಲ್ಲಿ ಪೈಪಿನ ಸುತ್ತ ಮುಕ್ಕಾಲು ಭಾಗ ಬೆಸುಗೆಯ ಗೆರೆ ಇತ್ತು. ಆ ಗೆರೆಯ ಪಕ್ಕದಲ್ಲೇ, ಕೂದಲಿನಷ್ಟು ಸಣ್ಣಗೆ, ತುಕ್ಕಿನ ಬಣ್ಣದ ಒಂದು ಬಿರುಕು ಅದರ ಜೊತೆಜೊತೆಗೆ ಓಡಿತ್ತು.

ಅವಳ ಎದೆ ಧಸಕ್ಕೆಂದಿತು. ಬಿರುಕಿಗಿಂತ ಹೆಚ್ಚಾಗಿ ಆ ಬೆಸುಗೆಗೆ. ಇಪ್ಪತ್ತೆರಡು ವರ್ಷದಿಂದ ಅವಳು ಆ ಬೆಸುಗೆಯ ನಡುವೆ ಬದುಕಿದ್ದಳು. ಮನೆಯ ಗೇಟು, ಕಿಟಕಿಯ ಸರಳು, ಪಾತ್ರೆ ಸ್ಟ್ಯಾಂಡು, ಮಗಳ ಮಂಚ, ಎಲ್ಲದರ ಮೇಲೂ ಅದೇ ಗೆರೆ. ಗಂಡ ಎಡಗೈಯವನಾದ್ದರಿಂದ ಅದರ ಪುಟ್ಟ ಪುಟ್ಟ ಅರೆಚಂದ್ರಗಳು ಬೇರೆ ವೆಲ್ಡರುಗಳಿಗೆ ವಿರುದ್ಧ ದಿಕ್ಕಿಗೆ ವಾಲುತ್ತಿದ್ದವು. ಮುಗಿಯುವಲ್ಲಿ ಒಂದು ಸಣ್ಣ ಬಾಲ ಮೇಲಕ್ಕೆ ತಿರುಗುತ್ತಿತ್ತು. ಗಂಡನ ಅಕ್ಷರ ಕಂಡರೆ ಗುರುತು ತಪ್ಪಬಹುದು, ಅವನ ಬೆಸುಗೆಯ ಗುರುತು ಅವಳಿಗೆ ತಪ್ಪುವುದಿಲ್ಲ.

"ಏನಾಯ್ತೇ?" ಎಂದರು ಅತ್ತೆ.

ಅವಳು ಸೈಕಲ್ಲನ್ನು ತಳ್ಳಿಕೊಂಡು ನಾಲ್ಕು ಮನೆ ಆಚೆಯ ಸೈಕಲ್ ರಿಪೇರಿಯವನ ಹತ್ತಿರ ಹೋದಳು. ಆ ಮುದುಕ ಕನ್ನಡಕ ಏರಿಸಿ, ಸ್ಪ್ಯಾನರಿನಿಂದ ಬೆಸುಗೆಯ ಮೇಲೆ ಎರಡು ಸಲ ತಟ್ಟಿ, ಕಿವಿ ಕೊಟ್ಟು, ತಲೆ ಅಲ್ಲಾಡಿಸಿದ.

"ಗೇಟು ಮಾಡೋ ಕೈ ಇದು. ಸೈಕಲ್ ಪೈಪು ತೆಳು ಕಣಮ್ಮ. ಗೇಟಿಗೆ ಹಾಕೋ ಕರೆಂಟ್ ವೆಲ್ಡಿಂಗ್ ಇದಕ್ಕೆ ಹಾಕಿದ್ರೆ ಅಕ್ಕಪಕ್ಕ ಸುಟ್ಟು ಪೈಪಿನ ಜೀವ ಹೋಗುತ್ತೆ. ಗ್ಯಾಸಲ್ಲಿ ಹಿತ್ತಾಳೆ ಕರಗಿಸಿ ಕೂರಿಸ್ಬೇಕು. ಇದನ್ನ ಯಾರು ಓಡಿಸ್ತಾರೆ?"

"ನನ್ನ ಮಗಳು. ದಿನಾ ಸೇತುವೆ ಇಳೀತಾಳೆ."

ಮುದುಕ ಸ್ಪ್ಯಾನರು ಕೆಳಗಿಟ್ಟ. "ಇಳಿಜಾರಲ್ಲಿ ಬ್ರೇಕ್ ಹಿಡಿದಾಗ ಭಾರವೆಲ್ಲ ಇಲ್ಲಿಗೇ ಬರೋದು. ಮುರಿದ್ರೆ ಹ್ಯಾಂಡಲ್ ಕೈಗೆ ಬರುತ್ತೆ, ಅವಳು ಮುಖ ಅಡಿಯಾಗಿ ರಸ್ತೆಗೆ. ಹಿಂದೆ ಲಾರಿ ಇದ್ರೆ ನಾನು ಹೇಳೋದೇ ಬೇಡ." ಅವಳ ಮುಖ ನೋಡಿ ಅವನಿಗೆ ಏನನ್ನಿಸಿತೋ, ದನಿ ತಗ್ಗಿಸಿದ. "ಗೇಟಿನವರಿಗೆ ಇದು ಗೊತ್ತಿರೋದಿಲ್ಲಮ್ಮ. ಅಂಟಿದ್ರೆ ಆಯ್ತು ಅನ್ಕೋತಾರೆ. ತಿಳೀದೆ ಮಾಡಿರ್ತಾನೆ."

ತಿಳಿಯದೆ. ಆ ಒಂದು ಮಾತನ್ನು ಅವಳು ಮುಷ್ಟಿಯಲ್ಲಿ ಹಿಡಿದುಕೊಂಡು ಮನೆಗೆ ಬಂದಳು.

ಮಧ್ಯಾಹ್ನ ಊಟಕ್ಕೆ ಅಣ್ಣತಮ್ಮ ಜೊತೆಯಾಗಿಯೇ ಬಂದರು. ಸೈಕಲ್ಲು ಅಂಗಳದ ನಡುವೆ ನಿಂತಿತ್ತು, ಗೇಟಿನ ಕಡೆಗೇ ಮುಖ ಮಾಡಿ. ಮೈದುನ ಅದನ್ನು ನೋಡಿ, "ಅಯ್ಯೋ ಅತ್ತಿಗೆ, ನನ್ನ ಸ್ಕೂಲನ್ನೇ ಬೋಳಿಸಿಬಿಟ್ರಲ್ಲ!" ಎಂದು ನಗುತ್ತಾ ಹತ್ತಿರ ಬಂದವನು, ಬೆಸುಗೆ ಕಂಡು ಬಾಯಿ ಮುಚ್ಚಿದ. ಕೇಳುವ ಮೊದಲೇ, "ನಾನಲ್ಲ, ಕಾರು ಕಲಿಯೋಕೆ ಬಂದಿದ್ನಲ್ಲ, ಅವನು ರಿವರ್ಸ್ ತಗೊಂಡಿದ್ದು" ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

"ಅಂದ್ರೆ ಕಾರು ಹತ್ತಿಸಿದ್ದೀಯ."

"ಸ್ವಲ್ಪ ಬಗ್ಗಿತ್ತು ಅಷ್ಟೇ. ಇಲ್ಲಿ ಚೂರು ಬಿಟ್ಕೊಂಡಿತ್ತು. ಅಣ್ಣ ಸರಿ ಮಾಡಿಕೊಟ್ಟ. ಕಾಣಬಾರದು ಅಂತ ನಾನು ಸ್ಟಿಕ್ಕರ್ ಹಾಕಿದೆ. ಒಂದೇ ಹಾಕಿದ್ರೆ ಅನುಮಾನ ಬರುತ್ತೆ ಅಂತ ಐದು ಹಾಕಿದೆ."

ಜೀವಮಾನದಲ್ಲಿ ಅವನು ಒಂದು ಕೆಲಸವನ್ನು ಪೂರ್ತಿ ಮಾಡಿದ್ದರೆ ಅದು ಇದೊಂದೇ. ಕಲೆಯಕ್ಕ ಅವನತ್ತ ತಿರುಗಿಯೂ ನೋಡದೆ ಗಂಡನನ್ನು ನೋಡಿದಳು. ಅವನು ಚಪ್ಪಲಿ ಬಿಡುವುದನ್ನೂ ಮರೆತು ನಿಂತಿದ್ದ. ಗಲಾಟೆ ಕೇಳಿ ಮಗಳು ಪುಸ್ತಕದ ಹಾಳೆಯಲ್ಲಿ ಬೆರಳಿಟ್ಟುಕೊಂಡೇ ಬಾಗಿಲಿಗೆ ಬಂದಳು.

"ನಂಗ್ಯಾಕೆ ಹೇಳಲಿಲ್ಲ?" ಎಂದು ಕಲೆಯಕ್ಕ ಕೇಳಿದಳು.

"ಹೇಳಿದ್ರೆ ನೀನು ಸುಮ್ನಿರ್ತಿದ್ಯಾ?" ಎಂದ ಗಂಡ. "ಮನೆ ತಲೆ ಮೇಲೆ ಹೊತ್ಕೋತಿದ್ದೆ. ಇವನನ್ನ ಬೀದೀಲಿ ನಿಲ್ಲಿಸಿ ಬೈತಿದ್ದೆ. ನಿನ್ನ ಬಾಯಿಗೆ ಹೆದರಿ ಹೇಳಲಿಲ್ಲ."

ಆಗ ಹೊರಟಿತು ನೋಡಿ ಸಿಟ್ಟು. ಬೆಳಗಿನಿಂದ ಬಂದದ್ದೆಲ್ಲ ಸಿಟ್ಟೇ ಅಲ್ಲ, ಅದರ ನೆರಳು ಅನ್ನಿಸುವಂತೆ ಬಂತು. ಅವಳು ಎಣ್ಣೆಯ ಬಟ್ಟಲನ್ನು ನೆಲಕ್ಕೆ ಕುಕ್ಕಿದಳು.

"ನನ್ನ ಬಾಯಿಗೆ ಹೆದರಿ ಮಗಳನ್ನ ಇದರ ಮೇಲೆ ಕೂರಿಸಿದ್ರಾ? ನನ್ನ ಬೈಗುಳ ನಾಲ್ಕು ದಿನ ಇರ್ತಿತ್ತು. ಅವಳ ಕತ್ತು ಮುರಿದಿದ್ರೆ ಎಷ್ಟು ದಿನ ಇರ್ತಿತ್ತು? ತಮ್ಮ ತಪ್ಪು ಮಾಡ್ತಾನೆ, ಅಣ್ಣ ಮುಚ್ತಾನೆ, ಅಮ್ಮ ಪಾಪ ಅಂತಾಳೆ, ಕೊನೆಗೆ ತಪ್ಪು ಯಾರದು? ನನ್ನ ಬಾಯಿದು! ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸ್ತಂತೆ!"

"ಮೆಲ್ಲಗೆ ಮಾತಾಡೇ, ಅಕ್ಕಪಕ್ಕ ಕೇಳಿಸುತ್ತೆ" ಎಂದರು ಅತ್ತೆ.

"ಕೇಳಿಸ್ಲಿ ಅತ್ತೆ! ಮೆಲ್ಲಗೆ ಮಾತಾಡಿ ಮಾತಾಡಿಯೇ ಇಲ್ಲಿಗೆ ಬಂದಿರೋದು."

ಗಂಡನಿಗೂ ರೇಗಿತು. "ಅಷ್ಟೊಂದು ಏನಾಗಿದೆ ಈಗ? ಇಪ್ಪತ್ತೈದು ವರ್ಷದಿಂದ ವೆಲ್ಡಿಂಗ್ ಮಾಡ್ತಿದ್ದೀನಿ. ನನ್ನ ಕೈಯಿಂದ ಆಗಿದ್ದು ಒಂದಾದ್ರೂ ಬಿಟ್ಕೊಂಡಿದೆಯಾ? ಗಟ್ಟಿಯಾಗೇ ಇದೆ ಅದು. ನನ್ನ ಮಗಳ ಮೇಲೆ ನಂಗೆ ಪ್ರೀತಿ ಇಲ್ವಾ?"

"ಗಟ್ಟಿ ಇದೆಯಾ?"

"ಇದೆ."

"ಸರಿ. ಹಾಗಾದ್ರೆ ನಡೀರಿ, ಸೇತುವೆ ಮೇಲಿಂದ ನೀವೇ ಇಳೀರಿ. ಬ್ರೇಕ್ ಹಿಡಿದು ಇಳೀರಿ, ಅವಳು ಇಳಿಯೋ ಹಾಗೆ. ಕೆಳಗೆ ಬಂದು ಮುಟ್ಟಿದ್ರೆ ನಾನು ಇನ್ನು ಈ ವಿಷಯ ಎತ್ತೋದಿಲ್ಲ. ನಾನೇ ಆ ಸ್ಟಿಕ್ಕರ್‌ಗಳನ್ನ ಮತ್ತೆ ಅಂಟಿಸ್ತೀನಿ."

"ನಾನು ಇಳೀಲಾ ಅತ್ತಿಗೆ?" ಎಂದ ಮೈದುನ, ಸನ್ನಿವೇಶ ತಿಳಿಗೊಳಿಸುವ ಆಸೆಯಿಂದ. ಮರುಕ್ಷಣವೇ, "ಆದ್ರೆ ಮೊಣಕಾಲು ಸ್ವಲ್ಪ ನೋವು" ಎಂದು ಸೇರಿಸಿದ.

ಗಂಡ ಸೈಕಲ್ಲನ್ನು ಕಿತ್ತುಕೊಂಡವನಂತೆ ಹಿಡಿದು ಗೇಟು ದಾಟಿದ. ಅವನ ಹಿಂದೆ ಕಲೆಯಕ್ಕ, ಅವಳ ಹಿಂದೆ ಮಗಳು, ಹತ್ತು ಹೆಜ್ಜೆ ಬಿಟ್ಟು ಮೈದುನ. ಅತ್ತೆ ಗೇಟಿನಲ್ಲಿ ನಿಂತು, "ಊಟ ಆರುತ್ತೆ ಕಣ್ರೋ" ಎಂದು ಕೂಗಿದರು. ರಿಪೇರಿಯ ಮುದುಕ ಕೆಲಸ ನಿಲ್ಲಿಸಿ ಇವರ ಮೆರವಣಿಗೆ ನೋಡಿದ. ಏರು ಹತ್ತುವಾಗ ಗಂಡನ ಅಂಗಿಯ ಬೆನ್ನು ಒದ್ದೆಯಾಯಿತು.

ಸೇತುವೆಯ ನೆತ್ತಿಯಲ್ಲಿ ಅವನು ಸೈಕಲ್ಲನ್ನು ಮನೆಯ ಕಡೆಗೆ ತಿರುಗಿಸಿದ. ಇಳಿಜಾರು ಉದ್ದಕ್ಕೆ ಕೆಳಗೆ ಬಿದ್ದಿತ್ತು. ಒಂದು ಲಾರಿ ಹಾರ್ನ್ ಹಾಕಿಕೊಂಡು ಪಕ್ಕದಲ್ಲೇ ಹೋಯಿತು. ಅದರ ಗಾಳಿಗೆ ಕಲೆಯಕ್ಕನ ಸೆರಗು ಹಾರಿತು. ಗಂಡ ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದ, ಬ್ರೇಕು ಒತ್ತಿ ನೋಡಿದ, ಒಂದು ಕಾಲನ್ನು ಪೆಡಲಿನ ಮೇಲಿಟ್ಟ.

ಕಲೆಯಕ್ಕನಿಗೆ ಕೂಗಿ ತಡೆಯಬೇಕು ಎನ್ನಿಸಿತು. ಬಿದ್ದರೆ ಗತಿಯೇನು? ಆದರೆ ಅದಕ್ಕಿಂತ ಗಟ್ಟಿಯಾಗಿ ಇನ್ನೊಂದು ಆಸೆ ಅವಳೊಳಗೆ ಎದ್ದು ನಿಂತಿತ್ತು: ಕೂರಲಿ. ದೇವರೇ, ಇವನು ಕೂರಲಿ. ಕೂತರೆ ಇವನು ದಡ್ಡ, ಅಷ್ಟೇ. ಅಂಟಿದ್ದೆಲ್ಲ ಗಟ್ಟಿ ಎಂದು ನಂಬಿದ ಗೇಟಿನ ವೆಲ್ಡರು. ದಡ್ಡ ಗಂಡನ ಜೊತೆ ಬಾಳಬಹುದು, ಇಪ್ಪತ್ತೆರಡು ವರ್ಷ ಬಾಳಲಿಲ್ಲವೇ? ಬೈಯಬಹುದು, ಒಂದು ತಿಂಗಳು ಮಾತು ಬಿಡಬಹುದು, ಮುಂದೊಂದು ದಿನ ಹೇಳಿಕೊಂಡು ನಗಬಹುದು. ಕೂರದೇ ಹೋದರೆ ಏನು ಮಾಡಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಅವಳು ಕೂಗಿ ತಡೆಯಲಿಲ್ಲ.

ಅವನು ಬಗ್ಗಿ ಹ್ಯಾಂಡಲಿನ ಕೆಳಗೆ ನೋಡಿದ. ಹೆಬ್ಬೆರಳಿನಿಂದ ಆ ಬಿರುಕನ್ನು ಒಮ್ಮೆ ಸವರಿದ. ಪೆಡಲಿನ ಮೇಲಿದ್ದ ಕಾಲನ್ನು ನಿಧಾನವಾಗಿ ನೆಲಕ್ಕೆ ಇಳಿಸಿದ.

"ಸರಿಯಾಗಿ ಮಾಡಿಸ್ಬೇಕು ಅಂತಲೇ ಇದ್ದೆ" ಎಂದ, ಯಾರನ್ನೂ ನೋಡದೆ. "ನಾಳೆ, ನಾಳಿದ್ದು ಅಂತ..."

ಕಲೆಯಕ್ಕನಿಗೆ ಒಂದು ಬೈಗುಳವೂ ನೆನಪಾಗಲಿಲ್ಲ. ಮೈಯ ಸಿಟ್ಟೆಲ್ಲ ಇದ್ದಲ್ಲೇ ಇತ್ತು, ಆದರೆ ಅದಕ್ಕೆ ಬಾಯಿ ಇರಲಿಲ್ಲ. ಮಾತಾಡಿದವಳು ಮಗಳು. ಅವಳು ಮುಂದೆ ಬಂದು ಸೇತುವೆಯ ಕಂಬಿ ಹಿಡಿದು, ಇಳಿಜಾರಿನ ಬುಡದಲ್ಲಿದ್ದ ದೀಪದ ಕಂಬವನ್ನು ನೋಡುತ್ತಿದ್ದಳು.

"ಅಪ್ಪ, ಅದಕ್ಕೇನಾ ನೀನು ದಿನಾ ಸಂಜೆ ಅಲ್ಲಿ ಬಂದು ನಿಂತಿರ್ತಿದ್ದೆ?"

ಕಲೆಯಕ್ಕನಿಗೆ ಇದು ಗೊತ್ತೇ ಇರಲಿಲ್ಲ. ಅವಳು ಅಂಗಡಿಯಿಂದ ಬರುವಷ್ಟರಲ್ಲಿ ಅಪ್ಪ ಮಗಳು ಇಬ್ಬರೂ ಮನೆಯಲ್ಲಿರುತ್ತಿದ್ದರು.

"ನಾನು ಇಳಿಯೋದನ್ನೇ ನೀನು ನೋಡ್ತಿದ್ದೆ. ಕೆಳಗೆ ಬಂದ ಮೇಲೆ ಸೈಕಲ್ ನೀನೇ ತಳ್ಕೊಂಡು ಬರ್ತಿದ್ದೆ" ಎಂದಳು ಮಗಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಪಾಠದಲ್ಲಿ ತಿಳಿಯದ್ದನ್ನು ಕೇಳುವ ಹಾಗೆ ಕೇಳುತ್ತಿದ್ದಳು. "ನಮ್ಮಪ್ಪ ದಿನಾ ಕರ್ಕೊಂಡು ಹೋಗೋಕೆ ಬರ್ತಾರೆ ಅಂತ ಕ್ಲಾಸಲ್ಲಿ ಎಲ್ಲರ ಹತ್ರ ಹೇಳ್ಕೊಂಡಿದ್ದೆ."

"ಮಗಳೇ..." ಎಂದ ಗಂಡ.

"ಬೆಳಿಗ್ಗೆ ನಾನು ಆಚೆ ಕಡೆ ಇಳೀವಾಗ ಯಾರು ನಿಂತಿರ್ತಿದ್ರು?"

ಅವನು ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದುಕೊಂಡೇ ನಿಂತಿದ್ದ. ಮಗಳು ಆಮೇಲೆ ಅಮ್ಮನ ಪಕ್ಕದಿಂದ ಹಾದು ಒಬ್ಬಳೇ ಇಳಿಜಾರು ಇಳಿದು ಮನೆಯ ಕಡೆ ನಡೆದಳು.